ವನಜಳ ಜಾಡಿ

ಅಂಗಳಕ್ಕೆ ನೀರು ಹಾಕಿಯಾಗಿತ್ತು. ರಂಗೋಲಿ ಡಬ್ಬ ಕೈಯಲ್ಲಿ ಹಿಡಿದುಕೊಂಡು ಸಿದ್ದಲಕ್ಷ್ಮಮ್ಮ ಬಾಗಿಲ ಮುಂದೆ ಸುಮ್ಮನೆ ನಿಂತಿದ್ದಳು. ಹತ್ತು ದಿನದಿಂದ ಅಲ್ಲಿ ಒಂದು ಗೆರೆಯೂ ಎಳೆದಿರಲಿಲ್ಲ. ಹುಟ್ಟಿದ್ದಕ್ಕೆ ಪುರುಡು, ಸತ್ತದ್ದಕ್ಕೆ ಸೂತಕ. ಎರಡೂ ಒಂದೇ ಗಳಿಗೆಯಲ್ಲಿ ಆದದ್ದಕ್ಕೆ ಏನನ್ನುತ್ತಾರೆ, ಅದು ಎಷ್ಟು ದಿನಕ್ಕೆ ಕಳೆಯುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಕೇಳುವುದಕ್ಕೂ ಬಾಯಿ ಬಂದಿರಲಿಲ್ಲ. ಹನ್ನೊಂದನೆಯ ದಿನವಲ್ಲವೇ, ಎರಡೆಳೆಯಾದರೂ ಎಳೆಯೋಣವೆಂದು ಬಗ್ಗಿದಳು. ಮೊದಲ ಚುಕ್ಕಿ ಬೀಳುವ ಹೊತ್ತಿಗೆ ಗೇಟಿನ ಚಿಲಕ ಸದ್ದಾಯಿತು.

ಅವಳ ಅಪ್ಪ ಚಿಕ್ಕಬೀರಯ್ಯ ನಿಂತಿದ್ದ. ಹೆಗಲಿಗೆ ಬಟ್ಟೆಯ ಚೀಲ. ಅದರೊಳಗೆ ಖಾಲಿ ಬಾಟಲಿಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು.

"ಇದೇನಪ್ಪಾ ಇಷ್ಟೊತ್ತಿಗೇ?"

"ಕುಣಿಗಲ್ಲಿಂದ ಫಸ್ಟ್ ಬಸ್ಸಿಗೇ ಹತ್ಬುಟ್ಟೆ ಕಣವ್ವ. ಜಾಡಿ ತೆಗೀಬೇಕಲ್ಲ ಇವತ್ತು."

"ಯಾವ ಜಾಡಿ?" ಎಂದಳು ಸಿದ್ದಲಕ್ಷ್ಮಮ್ಮ, ಗೊತ್ತಿದ್ದೂ.

"ವನಜಂದು."

"ಅದ್ಯಾರಿಗಪ್ಪಾ ಈಗ?"

"ಬಾಣಂತಿಗೆ."

ಅವಳು ಒಮ್ಮೆ ಹಿಂದೆ ತಿರುಗಿ ತಂಗಿ ಮಲಗಿದ್ದ ಕೋಣೆಯ ಕಡೆ ನೋಡಿದಳು. "ಆ ಮಾತು ಮೆತ್ತಗೆ ಆಡು. ಕೇಳಿಸ್ಕೊಂಡಾಳು."

"ಕೇಳಿಸ್ಕೊಳ್ಳಲಿ ಅಂತ್ಲೇ ಅಂದಿದ್ದು" ಎಂದು ಚಿಕ್ಕಬೀರಯ್ಯ ಚಪ್ಪಲಿ ಬಿಟ್ಟು ಒಳಗೆ ಹೋದ. ಸಿದ್ದಲಕ್ಷ್ಮಮ್ಮ ರಂಗೋಲಿ ಡಬ್ಬ ಮುಚ್ಚಿದಳು. ನೆಲದ ಮೇಲೆ ಒಂದೇ ಒಂದು ಚುಕ್ಕಿ ಉಳಿಯಿತು.

ಚಿಕ್ಕಬೀರಯ್ಯ ಕುಣಿಗಲ್ಲಿನ ಕುದುರೆ ಫಾರಮ್ಮಿನ ಬಂಗಲೆಯಲ್ಲಿ ಅಡಿಗೆಯವನು. ಬಹಳ ವರ್ಷಗಳ ಹಿಂದೆ ಅಲ್ಲಿಗೆ ಪರದೇಶದಿಂದ ಒಬ್ಬ ಕುದುರೆ ಡಾಕ್ಟರು ಹೆಂಡತಿಯನ್ನು ಕರೆದುಕೊಂಡು ಬಂದು ಎರಡು ವರ್ಷ ಇದ್ದ. ಆಕೆಗೆ ಇವನು ಹುರುಳಿಕಾಳಿನ ಬಸ್ಸಾರು ಕಲಿಸಿದ. ಇವನಿಗೆ ಆಕೆ ಹಣ್ಣಿನಲ್ಲಿ ವೈನು ಮಾಡುವುದನ್ನು ಕಲಿಸಿದಳು. "ಕುದುರೆಗಾಕೋ ಹುರುಳಿ ಆ ಯಮ್ಮಂಗೆ ತಿನ್ಸಿದೆ, ಅದ್ಕೆ ಸರಿಯಾಗಿ ಕುಡಿಯೋದು ಕಲ್ಸಿ ಹೋದ್ಲು" ಎಂದು ಅವನು ನಗುತ್ತಿದ್ದ. ಆದರೆ ಅವನು ಕುಡಿಯುವವನಲ್ಲ. ಹೆಂಡತಿ ತೀರಿಕೊಂಡಾಗ ದೊಡ್ಡ ಮಗಳಿಗೆ ಹದಿನಾರು, ಚಿಕ್ಕವಳಿಗೆ ಏಳು. ಮುಂದೆ ಇವರ ಬಾಣಂತನ ಮಾಡುವವರು ಯಾರು ಎಂಬ ಯೋಚನೆ ಅಂದಿನಿಂದಲೇ ಅವನಿಗೆ ಹತ್ತಿಕೊಂಡಿತ್ತು. ಅಪ್ಪನಾದವನು ಮಗಳಿಗೆ ಎಣ್ಣೆ ಹಚ್ಚಿ ನೀರು ಎರೆಯಲಾರ, ಹೊಟ್ಟೆ ಕಟ್ಟಲಾರ. ಒಂದು ಜಾಡಿ ವೈನು ಮಾಡಿ ಇಡಬಲ್ಲ. ಊಟವಾದ ಮೇಲೆ ಎರಡು ಗುಟುಕು ಕುಡಿದರೆ ಮೈ ಬೆಚ್ಚಗಾಗುತ್ತದೆ, ನಿದ್ದೆ ಬರುತ್ತದೆ ಎಂದು ಆ ಹೆಂಗಸು ಹೇಳಿದ್ದಳಂತೆ. ಸಿದ್ದಲಕ್ಷ್ಮಮ್ಮನಿಗೆ ಮಗಳು ಸುಬ್ಬಿ ಹುಟ್ಟಿದಾಗ ಮೊದಲನೆಯ ಜಾಡಿ. ಇದು ಎರಡನೆಯದು.

ಇದನ್ನು ಇಟ್ಟದ್ದು ಜೂನ್ ತಿಂಗಳ ಕೊನೆಯಲ್ಲಿ, ವನಜ ಗುಬ್ಬಿಯ ಗಂಡನ ಮನೆಯಿಂದ ಏಳು ತಿಂಗಳ ಬಸುರಿಯಾಗಿ ತುಮಕೂರು ಶೆಟ್ಟಿಹಳ್ಳಿಯ ಅಕ್ಕನ ಮನೆಗೆ ಬಂದ ವಾರ. ದೊಡ್ಡಾಸ್ಪತ್ರೆ ಹತ್ತಿರ, ಅಕ್ಕನೂ ಇದ್ದಾಳೆ ಎಂದು ಹೆರಿಗೆ ಅಲ್ಲೇ ಎಂದು ನಿಶ್ಚಯವಾಗಿತ್ತು. ಚಿಕ್ಕಬೀರಯ್ಯ ಮಂಡಿಪೇಟೆಯಿಂದ ಕಪ್ಪಿಟ್ಟ ಏಲಕ್ಕಿ ಬಾಳೆಹಣ್ಣು ನಾಲ್ಕು ಚಿಪ್ಪು ಹೊತ್ತು ತಂದ. ಕೆಟ್ಟ ಹಣ್ಣು ತಂದಿದ್ದಾರೆಂದು ಹಿರಿಯ ಅಳಿಯ, ಸಿದ್ದಲಕ್ಷ್ಮಮ್ಮನ ಗಂಡ ಹೊನ್ನಯ್ಯ ಮುಖ ಸಿಂಡರಿಸಿದ. "ಕೆಟ್ಟಿಲ್ಲ ಅಳಿಯಂದಿರೇ, ಹಣ್ಣು ಹಣ್ಣಾಗ್ಬುಟ್ಟದೆ" ಎಂದು ಮುದುಕ ಅಷ್ಟನ್ನೂ ಸುಲಿದು ಕಿವುಚಿ, ನೀರು ಹಾಕಿ ಕುದಿಸಿ ಸೋಸಿದ. ಸಕ್ಕರೆ, ಒಂದು ಹಿಡಿ ಒಣದ್ರಾಕ್ಷಿ, ತೊಳೆದ ಗೋಧಿ, ಬೇಕರಿಯವನಿಂದ ಕೇಳಿ ತಂದ ಕಡಲೆಕಾಳಿನಷ್ಟು ಈಸ್ಟು. ಕೊನೆಗೆ ಚೀಲದಿಂದ ಒಂದು ತಗಡಿನ ಡಬ್ಬ ತೆಗೆದ. ಅದರ ತುಂಬ ನೂಲು ಕಟ್ಟಿದ ಸಣ್ಣ ಸಣ್ಣ ಕಾಗದದ ಪೊಟ್ಟಣಗಳು. ಬಂಗಲೆಗೆ ಬಂದ ಅತಿಥಿಗಳು ಬಿಟ್ಟು ಹೋದ ಟೀ ಬ್ಯಾಗುಗಳು.

"ಟೀ ಪುಡಿ ಅಲ್ಲ ಇದು. ಒಣಗಿದ್ ಹೂವ. ಬಾಳೆಹಣ್ಣಿಗೆ ಸಿಹಿ ಒಂದೇ ಇರೋದು. ಬಣ್ಣ, ಹುಳಿ ಎರಡೂ ಈ ಹೂವೇ ಕೊಡ್ಬೇಕು" ಎಂದು ಚಿಕ್ಕಬೀರಯ್ಯ ಮೊಮ್ಮಗಳ ಕೈಗೆ ಒಂದು ಪೊಟ್ಟಣ ಕೊಟ್ಟ.

ಏಳು ವರ್ಷದ ಸುಬ್ಬಿ ಅದನ್ನು ಬಿಸಿನೀರಿನಲ್ಲಿ ಅದ್ದಿದಳು. ನೀರು ನಿಧಾನವಾಗಿ ಕೆಂಪಾಯಿತು. "ದಾಸವಾಳ!" ಎಂದು ಕೂಗಿದಳು. ಜಾಡಿಗೆ ಬೇಕಾದ ಆರು ಪೊಟ್ಟಣವನ್ನೂ ತಾನೇ ಅದ್ದಿದಳು. ವನಜ ಗೋಡೆಗೆ ಒರಗಿ ಕಾಲು ಚಾಚಿ ಕೂತು, ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು. "ಅಪ್ಪಾ, ನಮ್ಮತ್ತೆಗೆ ಗೊತ್ತಾದ್ರೆ ಸೊಸೆಗೆ ಹೆಂಡ ಕುಡಿಸ್ತಾವ್ರೆ ಅಂತ ಊರೆಲ್ಲಾ ಡಂಗೂರ ಹೊಡೀತಾರೆ ಕಣಪ್ಪಾ."

ಇಪ್ಪತ್ತೊಂದು ದಿನ ಸಿದ್ದಲಕ್ಷ್ಮಮ್ಮ ಬೆಳಿಗ್ಗೆ ಮುಸುರೆ ತೊಳೆದಾದ ಮೇಲೆ ಮರದ ಸೌಟಿನಿಂದ ಅದನ್ನು ತಿರುವಿದಳು. ಜಾಡಿಯ ಬಾಯಿಗೆ ಕಟ್ಟಿದ ಬಟ್ಟೆಯ ಕೆಳಗೆ ಗುಳುಗುಳು ಸದ್ದಾಗುತ್ತಿತ್ತು. ಸುಬ್ಬಿ ಸ್ಕೂಲಿಗೆ ಹೋಗುವ ಮುಂಚೆ ಒಂದು ಸಲ ಜಾಡಿಗೆ ಕಿವಿಯಿಡುತ್ತಿದ್ದಳು, ಒಂದು ಸಲ ಚಿಕ್ಕಮ್ಮನ ಹೊಟ್ಟೆಗೆ. ಆಮೇಲೆ ಮತ್ತೆ ಸೋಸಿ, ಮುಚ್ಚಳಕ್ಕೆ ಗೋಧಿ ಹಿಟ್ಟು ಮೆತ್ತಿ, ಹೊನ್ನಯ್ಯನ ಊರು ಗೂಳೂರಿನಿಂದ ಬಂದ ರಾಗಿಯ ಡ್ರಮ್ಮಿನಲ್ಲಿ ಕತ್ತಿನವರೆಗೆ ಹೂತರು. ಚಿಕ್ಕಬೀರಯ್ಯನದೇ ಒಂದು ಕಟ್ಟಳೆ. ಮಗು ಹುಟ್ಟಿದ ಹನ್ನೊಂದನೆಯ ದಿನ ಜಾಡಿ ತೆಗೆಯಬೇಕು, ಮೊದಲ ಗುಟುಕು ಬಾಣಂತಿಯದೇ. ಅಲ್ಲಿಯವರೆಗೆ ಯಾರೂ ಬೆರಳು ಅದ್ದಿ ನೆಕ್ಕುವ ಹಾಗೂ ಇಲ್ಲ.

ಮಗು ಹುಟ್ಟುವಾಗಲೇ ಉಸಿರು ಇರಲಿಲ್ಲ. ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿಕೊಂಡಿತ್ತು. ವನಜಳಿಗೆ ಆಗ ಅರೆಪ್ರಜ್ಞೆ. ನರ್ಸು ಮಗುವನ್ನು ಬಿಳಿಯ ಬಟ್ಟೆಯಲ್ಲಿ ಸುತ್ತಿ ತಂದು, ತಾಯಿಗೆ ತೋರಿಸೋಣವೇ ಎಂದು ಸಿದ್ದಲಕ್ಷ್ಮಮ್ಮನನ್ನು ಕೇಳಿದಳು. ವಾರ್ಡಿನಲ್ಲಿದ್ದ ಹಿರಿಯ ಹೆಂಗಸರು ಬೇಡವೆಂದರು. ಮುಖ ನೋಡಿದರೆ ಎದೆಹಾಲು ನಿಲ್ಲುವುದಿಲ್ಲ, ಋಣ ಹರಿಯುವುದಿಲ್ಲ ಎಂದರು. ಸಿದ್ದಲಕ್ಷ್ಮಮ್ಮನೂ ಹಾಗೆಯೇ ಕೇಳಿ ಬೆಳೆದವಳು. "ಬ್ಯಾಡಿ, ತೋರಿಸ್ಬ್ಯಾಡಿ" ಎಂದು ಅವಳೇ ಹೇಳಿದಳು. ಗಂಡಸರು ಹೊರಗೆ ಗಾಡಿ ಗೊತ್ತು ಮಾಡಿ ಬರುವವರೆಗೆ, ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ, ಮಗು ಅವಳ ಮಡಿಲಲ್ಲಿತ್ತು. ವಾರ್ಡಿನ ಬಾಗಿಲಲ್ಲಿ ನಿಂತಿದ್ದ ಸುಬ್ಬಿಗೆ ಬಿಳಿಯ ಬಟ್ಟೆ ಮಾತ್ರ ಕಂಡಿತು. ಆಮೇಲೆ ಹೊನ್ನಯ್ಯನೂ ವನಜಳ ಗಂಡ ಪುಟ್ಟರಂಗಯ್ಯನೂ ಅದನ್ನು ಗೂಳೂರಿನ ತೋಟಕ್ಕೆ ಒಯ್ದರು. ಪುಟ್ಟರಂಗಯ್ಯ ಬಟ್ಟೆ ಸರಿಸಿ ನೋಡಲಿಲ್ಲ.

ಮುಖ ನೋಡದಿದ್ದರೂ ಹಾಲು ನಿಲ್ಲಲಿಲ್ಲ. ಮೂರನೆಯ ದಿನಕ್ಕೆ ಎದೆ ಕಲ್ಲಾಯಿತು, ರವಿಕೆ ತೊಯ್ದು ಹೋಗುತ್ತಿತ್ತು. ವನಜ ಅಳಲಿಲ್ಲ. ಮಗು ಗಂಡೋ ಹೆಣ್ಣೋ ಎಂದೂ ಕೇಳಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದಳು. ಅನ್ನ ಕೊಟ್ಟರೆ ಎರಡು ತುತ್ತು, ಮಾತಾಡಿಸಿದರೆ ಹ್ಞೂಂ ಅಥವಾ ಊಹೂಂ. ಅಕ್ಕ ಬಂದರೆ ಅವಳ ಕೈಯನ್ನೇ ನೋಡುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ಹಾಲು ಹಿಂಗಲಿ ಎಂದು ಸಿದ್ದಲಕ್ಷ್ಮಮ್ಮ ದಿನಾ ಬಿಡಿ ಮಲ್ಲಿಗೆ ತರಿಸಿ ಎದೆಗೆ ಕಟ್ಟುತ್ತಿದ್ದಳು. ಒಂದು ದಿನ ಸುಬ್ಬಿ ಹೂವಿನ ಪೊಟ್ಟಣ ಕಂಡು, "ನಂಗೂ ಒಂಚೂರು ಮುಡಿಸಮ್ಮಾ" ಎಂದು ತಲೆ ಒಡ್ಡಿದಳು. ಸಿದ್ದಲಕ್ಷ್ಮಮ್ಮ ಕೈ ಎತ್ತಿ ಹೊಡೆದೇಬಿಟ್ಟಳು. ಹೊಡೆದ ಮೇಲೆ ಅಡಿಗೆಮನೆಗೆ ಹೋಗಿ ಒಲೆಯ ಮುಂದೆ ಕೂತಳು. ಅಂದಿನಿಂದ ಸುಬ್ಬಿ ಏನೋ ಕೇಳಬೇಕೆಂದು ಬಾಯಿ ತೆರೆಯುವುದು, ಅಮ್ಮನ ಮುಖ ನೋಡಿ ಮುಚ್ಚಿಕೊಳ್ಳುವುದು ನಡೆದೇ ಇತ್ತು.

ಚಿಕ್ಕಬೀರಯ್ಯ ಕಾಫಿ ಕುಡಿದು ಲೋಟ ಕೆಳಗಿಟ್ಟ. "ಇವ್ಳಿಗೆ ನೀರು ಎರೀತಿದೀಯೇನವ್ವಾ? ಧೂಪ ಹಾಕಿದೀಯಾ?"

ಸಿದ್ದಲಕ್ಷ್ಮಮ್ಮ ತಲೆ ತಗ್ಗಿಸಿದಳು. "ಅವ್ಳತ್ತೆ ಆಸ್ಪತ್ರೇಲೇ ಅಂದ್ಬಿಟ್ರಲ್ಲಪ್ಪ. ಮಗು ಇಲ್ದ ಮೇಲೆ ಬಾಣಂತನ ಎಂತದು, ಹನ್ನೊಂದು ಕಳೀಲಿ ಕರ್ಕೊಂಡೋಗ್ತೀನಿ ಅಂತ. ಇವತ್ತು ಮಧ್ಯಾಹ್ನ ಬರ್ತಾರೆ. ತೆಂಗಿನಕಾಯಿ ಸುಲಿಯೋ ಕೆಲ್ಸ ರಾಶಿ ಬಿದ್ದದಂತೆ."

"ಒಂಬತ್ತು ತಿಂಗ್ಳು ಹೊತ್ತೋಳು ಇವ್ಳೇ, ಹೆತ್ತೋಳು ಇವ್ಳೇ" ಎಂದ ಚಿಕ್ಕಬೀರಯ್ಯ. ದನಿ ಏರಿಸಲಿಲ್ಲ. "ಹಂಡೆ ಒಲೆ ಹಚ್ಚು ಹೋಗು."

ಇಬ್ಬರೂ ಸೇರಿ ಡ್ರಮ್ಮಿನಿಂದ ಜಾಡಿ ಎತ್ತಿದರು. ಅದು ಎದ್ದ ಗುಂಡಿಯೊಳಕ್ಕೆ ರಾಗಿ ಸರಸರನೆ ಸುರಿದು ತುಂಬಿಕೊಂಡಿತು. ಒಣಗಿದ ಹಿಟ್ಟನ್ನು ಚಾಕುವಿನಿಂದ ಕೆರೆದು ಮುಚ್ಚಳ ತೆಗೆದಾಗ ಬಾಳೆಹಣ್ಣಿನ ವಾಸನೆ ಇರಲಿಲ್ಲ. ಹಳೆಯ ಹೂವಿನದೋ ಒದ್ದೆ ಕಟ್ಟಿಗೆಯದೋ ಎಂಬಂಥ ಘಾಟು. ಬಿಳಿ ಪಂಚೆಯ ತುಂಡಿನಲ್ಲಿ ಸೋಸುವಾಗ ಬಟ್ಟೆ ಕೆಂಪಾಯಿತು. ಕೊಡಲು ಒಂದು ಸಣ್ಣ ಬಟ್ಟಲು ಬೇಕಿತ್ತು. ಗೂಡಿಗೆ ಕೈ ಹಾಕಿದ ಸಿದ್ದಲಕ್ಷ್ಮಮ್ಮನಿಗೆ ಸಿಕ್ಕಿದ್ದು ಮಗುವಿಗೆ ಹಾಲು ಕುಡಿಸಲೆಂದು ಹೋದ ತಿಂಗಳು ಕೊಂಡ ಬೆಳ್ಳಿಯ ಒಳಲೆ. ಅದನ್ನು ಇನ್ನೂ ಹಿಂದಕ್ಕೆ ತಳ್ಳಿ, ಕಾಫಿ ಲೋಟ ತಂದಳು.

ಚಿಕ್ಕಬೀರಯ್ಯ ಲೋಟ ಹಿಡಿದು ಮಗಳ ಹಾಸಿಗೆಯ ಪಕ್ಕ ಕುಕ್ಕರಗಾಲಲ್ಲಿ ಕೂತ. "ವನಜೀ. ನೋಡವ್ವ ಇಲ್ಲಿ. ನಿಂದೇ ಜಾಡಿ."

ವನಜ ಕಣ್ಣು ತೆರೆದಳು, ಕೆಂಪು ನೋಡಿದಳು, ಮತ್ತೆ ಗೋಡೆಗೆ ತಿರುಗಿದಳು. ಅವನು ಲೋಟ ಹಿಡಿದೇ ಕೂತಿದ್ದ. ಕೈ ಸೋತಾಗ ಇನ್ನೊಂದು ಕೈಗೆ ಬದಲಿಸಿಕೊಂಡ.

ಮಧ್ಯಾಹ್ನ ಒಂದು ಗಂಟೆಗೆ ಜಟಕಾ ಬಂದು ನಿಂತಿತು. ವನಜಳ ಅತ್ತೆ ದೊಡ್ಡಗಂಗಮ್ಮ ಇಳಿದು, ಕಾಲು ತೊಳೆದು ಒಳಗೆ ಬಂದವಳೇ ಮೂಗು ಅರಳಿಸಿದಳು. ಎತ್ತರದ ಆಳು. ಕಾಯಿ ಸುಲಿದು ಸುಲಿದು ಅಂಗೈ ದಡ್ಡುಗಟ್ಟಿತ್ತು.

"ಏನ್ ಬೀಗ್ರೇ, ಮನೆ ಒಳ್ಗೇ ಅಂಗ್ಡಿ ಇಟ್ಟಂಗದೆ?"

"ಬನ್ನಿ ಗಂಗಮ್ನೋರೇ. ಬಾಣಂತಿಗೆ ಮಾಡಿದ್ದು. ಬಾಳೆಹಣ್ಣಿಂದು."

"ಬಾಳೆಹಣ್ಣು ತಿನ್ನಾದು ನೋಡಿವ್ನಿ, ಕುಡಿಯಾದು ಈಗ್ಲೇ ನೋಡಿದ್ದು. ಸೊಸೆಗೆ ಹೆಂಡ ಕುಡಿಸೋ ಬೀಗ್ರು ನಂಗೇ ಸಿಕ್ಬೇಕಿತ್ತೇ ಶಿವನೇ!" ದೊಡ್ಡಗಂಗಮ್ಮ ಕಂಬಕ್ಕೆ ಒರಗಿ ಕೂತಳು. "ಬಾಣಂತಿ ಅಂತೀರಲ್ಲ, ಬಾಣಂತನ ಮಗು ಇದ್ದೋಳಿಗೆ. ಮಲೀಕಂಡಷ್ಟೂ ಮನಸ್ಸು ಅಲ್ಲೇ ಇರ್ತದೆ. ನಾಲ್ಕು ಜನ್ರಲ್ಲಿ ಓಡಾಡ್ಕಂಡಿದ್ರೆ ಮರೀತಾಳೆ. ಸಿದ್ದಕ್ಕಾ, ಅವ್ಳ ಬಟ್ಟೆ ಕಟ್ಟು. ಮೂರೂವರೆ ಬಸ್ಸಿಗೆ ಹೊಂಟೋಯ್ತೀವಿ."

ತಂಗಿ ಈ ಸ್ಥಿತಿಯಲ್ಲಿ ಹೊಸಿಲು ದಾಟಿ ಹೋದರೆ ಮತ್ತೆ ಮಾತಾಡುವುದೇ ಇಲ್ಲ ಎಂದು ಸಿದ್ದಲಕ್ಷ್ಮಮ್ಮನಿಗೆ ಅನ್ನಿಸಿತು. "ಒಂದ್ ತಿಂಗ್ಳು ಬುಡೀ ಅತ್ತೆ" ಎಂದಳು.

ಚಿಕ್ಕಬೀರಯ್ಯ ಸೋಸುವ ಬಟ್ಟೆಯನ್ನು ಹಿಂಡಿ ಪಕ್ಕಕ್ಕಿಟ್ಟ. "ಗಂಗಮ್ನೋರೇ, ಮುವ್ವತ್ತು ವರ್ಷ ಆಯ್ತು ನಾನು ಫಾರಂ ಸೇರಿ. ಒಂದೊಂದ್ ಸಲ ಮರಿ ಸತ್ತೇ ಹುಟ್ತದೆ. ಅಂಥ ಕುದುರೇನೂ ಯಾರೂ ಓಡ್ಸಲ್ಲ. ಹಸಿ ಮೈ ಅಂತ ಲಾಯದಲ್ಲೇ ಬುಡ್ತಾರೆ, ಬಿಸಿ ಗಂಜಿ ಕೊಡ್ತಾರೆ, ಮೈ ಉಜ್ತಾರೆ. ಮರಿ ಇದ್ದಿದ್ರೆ ಏನ್ ಮಾಡೋರೋ ಅಷ್ಟೂನೂವೆ. ನನ್ ಮಗ್ಳು ಕುದುರೆಗಿಂತ ಕಡೆನಾ?"

ದೊಡ್ಡಗಂಗಮ್ಮನ ಮುಖ ಕೆಂಪೇರಿತು. "ಕುದುರೆ ಸಾಕೋ ಸಿರಿವಂತ್ರ ಮನೆ ಮಾತು ನಮ್ಗ್ಯಾಕೆ? ನಂಗ್ಯಾರು ಮಾಡಿದ್ರು ಬಾಣಂತನ? ಪುಟ್ಟರಂಗನ್ಗಿಂತ ಮುಂಚೆ ಮೂರು ಹೋದ್ವು. ಮೂರು! ನಾಲ್ಕ್ನೇ ದಿನಕ್ಕೆ ಸುಲಗತ್ತಿ ಮುಂದೆ ನಿಂತಿದ್ದೆ. ರಕ್ತ ಕಾಲ್ಗುಂಟ ಇಳೀತಿತ್ತು, ಕಾಯಿ ಎಷ್ಟಾಯ್ತು ಅಂತ ಕೇಳೋರೇ ಹೊರತು ಒಂದು ಚೆಂಬು ಬಿಸ್ನೀರು ಹುಯ್ದೋರಿಲ್ಲ. ನಾನ್ ಬದುಕ್ಲಿಲ್ವಾ?"

ಆಕೆ ತನ್ನ ದಡ್ಡುಗಟ್ಟಿದ ಅಂಗೈ ನೋಡಿಕೊಂಡಳು. ದನಿ ಇಳಿಯಿತು.

"ಒಂದ್ರ ಮುಖಾನೂ ತೋರಿಸ್ಲಿಲ್ಲ ನಂಗೆ. ನೋಡ್ಬಾರ್ದು ಅಂದ್ರು. ಈಗ್ಲೂ ಗುಬ್ಬಿ ಸಂತೇಲಿ ಆ ವಯಸ್ಸಿನೋರು ಕಂಡ್ರೆ ನಿಂತ್ಕಂಡು ನೋಡ್ತೀನಿ. ಇಂಗಿದ್ದಿರ್ಬೋದಾ, ಅಂಗಿದ್ದಿರ್ಬೋದಾ ಅಂತ. ಹುಚ್ಚು ಮುಂಡೇದು, ಇನ್ನೇನು."

ಸಿದ್ದಲಕ್ಷ್ಮಮ್ಮ ಹಿಡಿದಿದ್ದ ಲೋಟವನ್ನು ಕೆಳಗಿಟ್ಟಳು. ಅವಳ ಮಡಿಲಲ್ಲಿ ಅದೇ ತೂಕ ಮತ್ತೆ ಬಂದು ಕೂತ ಹಾಗಾಯಿತು.

ದೊಡ್ಡಗಂಗಮ್ಮ ಮೊಣಕಾಲಿಗೆ ಕೈಯೂರಿ ಎದ್ದು ಕೋಣೆಗೆ ಹೋದಳು. ವನಜಳ ಹೊದಿಕೆ ಸರಿಸಿದಳು. ಒಳಗಿನಿಂದ ಗದರಿದ ದನಿ ಕೇಳಿಸಿತು. "ಏನೇ ಸಿದ್ದೀ, ಹೊಟ್ಟೆ ಕಟ್ಟಿಲ್ವೇನೇ ಇವ್ಳಿಗೆ? ಹನ್ನೊಂದು ದಿನದಿಂದ ಏನ್ ಕತ್ತೆ ಕಾಯ್ತಿದ್ಯಾ? ಗಾಳಿ ತುಂಬ್ಕಂಡು ಕೂತದೆ. ತಾ ಒಂದು ಹಳೇ ಸೀರೆ. ನೂಲಿಂದು ತಾ, ನೈಲಾನ್ ತಂದೀಯೆ!"

ಸಿದ್ದಲಕ್ಷ್ಮಮ್ಮ ಓಡಿ ಹೋಗಿ ತನ್ನ ತಾಯಿಯದೊಂದು ನೂಲಿನ ಸೀರೆ ತಂದಳು. ದೊಡ್ಡಗಂಗಮ್ಮ ಸೊಸೆಯನ್ನು ಎಬ್ಬಿಸಿ ಬಚ್ಚಲಿಗೆ ಕರೆದೊಯ್ದಳು. ಇಬ್ಬರೂ ಸೇರಿ ಎಣ್ಣೆ ತಿಕ್ಕಿ, ಹಂಡೆಯ ನೀರು ಪೂರ್ತಿ ಖಾಲಿಯಾಗುವವರೆಗೆ ಎರೆದರು. ದಡ್ಡು ಕೈಯ ರಭಸಕ್ಕೆ ವನಜ "ಅಮ್ಮಾ" ಎಂದಳು. ಅದು ಹನ್ನೊಂದು ದಿನದಲ್ಲಿ ಅವಳು ತಾನಾಗಿ ಆಡಿದ ಮೊದಲ ಮಾತು. ದೊಡ್ಡಗಂಗಮ್ಮ ಸೀರೆಯನ್ನು ಬಿಗಿಯಾಗಿ ಸುತ್ತಿ ಸುತ್ತಿ ಕಟ್ಟಿದಳು. ಸುತ್ತುವಾಗ ಒಮ್ಮೆ ಅವಳ ತುಟಿ ನಡುಗಿದ್ದನ್ನು ಸಿದ್ದಲಕ್ಷ್ಮಮ್ಮ ಕಂಡಳು. ಕಾಣದವಳ ಹಾಗೆ ಕೆಂಡಕ್ಕೆ ಸಾಂಬ್ರಾಣಿ ಹಾಕಿದಳು.

ಕೊನೆಗೆ ಲೋಟವನ್ನೂ ದೊಡ್ಡಗಂಗಮ್ಮನೇ ಹಿಡಿದಳು. "ಏನಾರಾ ಆಗ್ಲಿ, ನಿಮ್ಮಪ್ಪ ಮಾಡವ್ನೆ. ಕುಡಿ."

ವನಜ ಒಂದು ಗುಟುಕು ನುಂಗಿದಳು. ಮುಖ ಕಿವುಚಿ, ಇನ್ನೊಂದು ಗುಟುಕು ನುಂಗಿದಳು. ಬಾಗಿಲ ಹೊರಗೆ ನಿಂತಿದ್ದ ಚಿಕ್ಕಬೀರಯ್ಯ ಹೆಗಲ ಟವಲಿನಿಂದ ಮುಖ ಒರೆಸಿಕೊಂಡು ಅಂಗಳಕ್ಕೆ ಹೋದ.

ಮೂರೂವರೆಯ ಬಸ್ಸಿಗೆ ದೊಡ್ಡಗಂಗಮ್ಮ ಒಬ್ಬಳೇ ಹೊರಟಳು. "ತಿಂಗ್ಳು ಕಳೀಲಿ, ಪುಟ್ಟರಂಗನ್ನ ಕಳಿಸ್ತೀನಿ. ತಣ್ಣೀರು ಮುಟ್ಟಿಸ್ಬ್ಯಾಡ. ಬೆಳ್ಳುಳ್ಳಿ ಜಾಸ್ತಿ ಹಾಕು" ಎಂದು ಗೇಟಿನವರೆಗೂ ಹೇಳುತ್ತಲೇ ಹೋದಳು. ಅವಳನ್ನು ಬಸ್ಸು ಹತ್ತಿಸಿ ತಾನೂ ಕುಣಿಗಲ್ಲಿನ ಬಸ್ಸು ಹಿಡಿಯುತ್ತೇನೆಂದು ಚಿಕ್ಕಬೀರಯ್ಯ ಜೊತೆಗೆ ಹೊರಟ.

ಮನೆಯಲ್ಲಿ ಹೊಗೆ ಇನ್ನೂ ತೆಳ್ಳಗೆ ನಿಂತಿತ್ತು. ಕಿಟಕಿಯಿಂದ ಬಿಸಿಲು ಹಾಸಿಗೆಯ ಅಂಚಿಗೆ ಬಂದಿತ್ತು. ವನಜ ಹಾಸಿಗೆಯಲ್ಲಿ ಎದ್ದು ಕೂತಿದ್ದಳು. ಈ ಸಲ ಗೋಡೆಯ ಕಡೆ ತಿರುಗಿರಲಿಲ್ಲ. ಸಿದ್ದಲಕ್ಷ್ಮಮ್ಮ ಹಿಂದೆ ಕೂತು ಅವಳ ಒದ್ದೆ ಕೂದಲನ್ನು ಬೆರಳಲ್ಲೇ ಬಿಡಿಸುತ್ತಿದ್ದಳು. ಈಗ ಹೇಳಬೇಕು ಅನ್ನಿಸುತ್ತಿತ್ತು. ಎಲ್ಲಿಂದ ಶುರು ಮಾಡುವುದು? ನಾನು ನೋಡಿದೆ, ನಿನಗೆ ನೋಡಗೊಡಲಿಲ್ಲ, ಎಂದು ತಂಗಿಗೆ ಹೇಗೆ ಹೇಳುವುದು? ಅವಳ ಬೆರಳು ಒಂದೇ ಸಿಕ್ಕಿನಲ್ಲಿ ಹೋಗಿ ಹೋಗಿ ನಿಲ್ಲುತ್ತಿತ್ತು.

ಸುಬ್ಬಿ ಸ್ಕೂಲಿನಿಂದ ಬಂದು ಚೀಲವನ್ನು ಹೊಸಿಲಲ್ಲೇ ಇಟ್ಟಳು. ಚಿಕ್ಕಮ್ಮ ಎದ್ದು ಕೂತಿದ್ದು ನೋಡಿ ಮೆಲ್ಲಗೆ ಒಳಗೆ ಬಂದು, ಹಾಸಿಗೆಯ ಕಾಲ ಕಡೆ ಮಂಡಿ ಮಡಚಿ ಕೂತಳು. ಅಮ್ಮನ ಮುಖ ನೋಡಿದಳು. ಬಾಯಿ ತೆರೆದಳು, ಮುಚ್ಚಿದಳು.

"ಕೈಕಾಲು ತೊಳ್ಕೋ ಹೋಗು" ಎಂದಳು ಸಿದ್ದಲಕ್ಷ್ಮಮ್ಮ, ಅಭ್ಯಾಸದಂತೆ.

ಸುಬ್ಬಿ ಏಳಲಿಲ್ಲ. ಲಂಗದ ಅಂಚನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು.

"ಹೋಗೇ."

"ಹೊಡೀಬೇಡ ಅಮ್ಮಾ" ಎಂದಳು ಸುಬ್ಬಿ. "ಒಂದೇ ಒಂದು ಕೇಳ್ತೀನಿ."

ಸಿದ್ದಲಕ್ಷ್ಮಮ್ಮ ಮಗಳ ಬಾಯಿ ಮುಚ್ಚಿಸಲು ಕೈ ಎತ್ತಿದಳು. ಅಷ್ಟರಲ್ಲಿ ವನಜ ಹಿಂದಕ್ಕೆ ಕೈ ಚಾಚಿ ಆ ಕೈಯನ್ನು ಹಿಡಿದುಕೊಂಡಳು. ಹಿಡಿದುಕೊಂಡೇ ನಿಧಾನವಾಗಿ ತಿರುಗಿ ಅಕ್ಕನ ಮುಖ ನೋಡಿದಳು. ಬಿಸಿನೀರಿಗೆ ಕೆಂಪಾದ ಅವಳ ಕಣ್ಣು ರೆಪ್ಪೆ ಬಡಿಯಲಿಲ್ಲ.

"ಪಾಪುನ ನೀನು ಎತ್ಕೊಂಡಿದ್ಯಲ್ಲಮ್ಮಾ" ಎಂದಳು ಸುಬ್ಬಿ. "ಅದು ಯಾರ ಥರ ಇತ್ತು?"